ತಾತನ ಒಂದು ದಿನದ ಬಿಡುಗಡೆ

ಆಗೆಲ್ಲ ಬೇಸಿಗೆ ರಜೆ ಎಂದರೆ ನನಗೂ ಅಕ್ಕನಿಗೂ ಮುದ್ದೇನಹಳ್ಳಿ ಕಡೆಯ ತಾತನ ಊರೇ. ಬಸ್ಸಿಳಿಯುತ್ತಿದ್ದಂತೆ ಕರಿದ್ರಾಕ್ಷಿಯ ಘಮ ಮೂಗಿಗೆ ಬಡಿಯುತ್ತಿತ್ತು. ಮೇಷ್ಟ್ರಾಗಿದ್ದ ತಾತ ನಿವೃತ್ತಿಯಾದ ಮೇಲೆ ತಾವೇ ಕಲ್ಲುಕಂಬ ನೆಟ್ಟು, ತಂತಿ ಎಳೆದು ಎಬ್ಬಿಸಿದ ತೋಟ ಅದು. ಚಪ್ಪರದಡಿ ನಾವು ಕುಂಟೆಬಿಲ್ಲೆ ಆಡಬಹುದಿತ್ತು. ಗೊಂಚಲಿಗೆ ಮಾತ್ರ ಕೈ ಹಾಕುವಂತಿರಲಿಲ್ಲ. ವ್ಯಾಪಾರಿ ಬಂದು ನೋಡಿಹೋದ ಮೇಲಂತೂ ತಾತ ಕೋಲು ಹಿಡಿದೇ ಕೂರುತ್ತಿದ್ದರು. ಬೇಲಿಯಾಚೆ ಬೀದಿಮಕ್ಕಳ ತಲೆ ಕಂಡರೆ ಸಾಕು, ಗದರಿ ಓಡಿಸುತ್ತಿದ್ದರು.

ಅದೇ ತಾತ ಸಂಜೆ ಜಗಲಿಯ ಮೇಲೆ ಕುಳಿತು ನಾಲ್ಕಾರು ಜನರಿಗೆ ವೇದಾಂತ ಹೇಳುತ್ತಿದ್ದರು. ಆ ಬೇಸಿಗೆ ನಡೆಯುತ್ತಿದ್ದುದು ಜೀವನ್ಮುಕ್ತನ ವಿಚಾರ. ಸತ್ತ ಮೇಲೆ ಸಿಗುವ ಮೋಕ್ಷವಲ್ಲ. ಉಣ್ಣುತ್ತ, ಉಳುತ್ತ, ಇದೇ ಮೈಯಲ್ಲಿರುವಾಗಲೇ ಬಿಡುಗಡೆ ಪಡೆದವನು. ಲಾಭವಾಗಲಿ ನಷ್ಟವಾಗಲಿ ಅವನನ್ನು ಕಟ್ಟಿಹಾಕಲಾರದು.

"ಅಂಥೋರು ನಮ್ಮೂರಲ್ಲಿ ಯಾರಿದಾರೆ ತಾತ?" ಎಂದೆ.

ಒಳಗೆ ಹುರುಳಿ ಆರಿಸುತ್ತಿದ್ದ ಅಜ್ಜಿಯೇ ಉತ್ತರ ಕೊಟ್ಟರು. "ನಿಮ್ ತಾತ ಅಂತೂ ಅಲ್ಲ ಕಣಮ್ಮ. ಒಂದು ದ್ರಾಕ್ಷಿ ಉದುರಿದ್ರೆ ಪ್ರಾಣ ಬಿಡ್ತಾರೆ!"

ಜಗಲಿಯೆಲ್ಲ ನಕ್ಕಿತು. ತಾತ ನಗಲಿಲ್ಲ.

ನಾಳೆ ಕಟಾವು ಎನ್ನುವ ಮಧ್ಯಾಹ್ನ ಆಲಿಕಲ್ಲು ಬಿತ್ತು. ಹೆಂಚಿನ ಮೇಲೆ ಯಾರೋ ಬುಟ್ಟಿಗಟ್ಟಲೆ ಜಲ್ಲಿ ಸುರಿದಂಥ ಸದ್ದು. ಮಳೆ ನಿಂತ ಮೇಲೆ ಓಡಿಹೋಗಿ ನೋಡಿದರೆ ಚಪ್ಪರ ಬೋಳು, ನೆಲವೆಲ್ಲ ಒಡೆದ ಹಣ್ಣು. ತಾತ ಆ ಕೆಸರಿನಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡವರು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಹೆದರಿ ಅಕ್ಕನ ಕೈ ಹಿಡಿದೆ. ಅಜ್ಜಿ ಹೋಗಿ ಅವರ ಪಕ್ಕ ಕುಳಿತರು. ಅವತ್ತು ಸಂಜೆ ಜಗಲಿ ಖಾಲಿ ಇತ್ತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ತಾತ ಬೇಲಿಯ ಗೇಟು ತೆರೆದಿಟ್ಟು ಬೀದಿಯಲ್ಲಿ ನಿಂತು ಕೂಗುತ್ತಿದ್ದರು. "ಬನ್ರಪ್ಪ, ಬನ್ರಮ್ಮ! ಪಾತ್ರೆ ತಗೊಂಡ್ ಬನ್ನಿ. ನಾಳೆಗೆ ಕೆಟ್ಟೋಗ್ತದೆ."

ಮಕ್ಕಳು ನಂಬಲಿಲ್ಲ. ಕೊನೆಗೆ ತಾತ ಉಳಿದಿದ್ದ ಒಂದೇ ಒಂದು ಒಳ್ಳೆಯ ಗೊಂಚಲನ್ನು ಕಿತ್ತು, ಪಂಚೆಯಿಂದ ಒರೆಸಿ, ಎದುರುಮನೆಯ ಪುಟ್ಟಿಯ ಕೈಗಿಟ್ಟರು. ಆಮೇಲೆ ನೋಡಬೇಕಿತ್ತು! ನಾಲಿಗೆ, ಅಂಗೈ, ಲಂಗ ಎಲ್ಲ ನೇರಳೆ. ಅಜ್ಜಿ ರಸ ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ಬಂದವರಿಗೆಲ್ಲ ಲೋಟ ತುಂಬಿ ಕೊಟ್ಟರು.

ಗಲಾಟೆ ತಗ್ಗಿದಾಗ ಕೇಳಿದೆ: "ತಾತ, ಜೀವನ್ಮುಕ್ತರೂ ಅಳ್ತಾರಾ?"

"ನಂಗೇನ್ ಗೊತ್ತಮ್ಮ? ನಾನಾಗಿದ್ರೆ ಹೇಳ್ತಿದ್ದೆ," ಎಂದರು. ಪಂಚೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತ, "ಅಳು ಬಂತು, ಅತ್ತೆ. ಬೆಳಿಗ್ಗೆ ಎದ್ರೆ ಎದೆ ಹಗುರಾಗಿತ್ತು. ಈ ಮಕ್ಕಳನ್ನ ಯಾಕ್ ಓಡಿಸ್ತಿದ್ದೆ ಅನ್ನುಸ್ತು. ಅಷ್ಟೇ."

"ಇವತ್ತೊಂದಿನ ಆಗಿದೀರಿ ಬಿಡಿ," ಎಂದರು ಅಜ್ಜಿ.

ಈ ಸಲ ತಾತ ನಕ್ಕರು.

ಆ ವರ್ಷ ಮನೆಯ ರಾಗಿ, ಹಸುವಿನ ಹಾಲು ನಮ್ಮವರನ್ನು ಕಾಪಾಡಿದವು. ಬಳ್ಳಿ ಸವರಿದರು; ಚಿಗುರು ಬಂತು, ಮುಂದಿನ ಬೆಳೆಯೂ ಬಂತು. ತಾತನ ಕೋಲೂ ವಾಪಸು ಬಂತೆನ್ನಿ.

ಈಗ ಅಲ್ಲಿ ಸೈಟುಗಳಾಗಿವೆ. ತಾತ, ಅಜ್ಜಿ ಇಬ್ಬರೂ ಇಲ್ಲ. ಅಂಥ ಹುಳಿಸಿಹಿ ಹಣ್ಣು ಎಲ್ಲೂ ಸಿಕ್ಕಿಲ್ಲ. ವೇದಾಂತದ ಪುಸ್ತಕಗಳನ್ನು ಆಮೇಲೆ ನಾನೂ ಓದಿದೆ, ಅರ್ಥವಾದದ್ದು ಕಡಿಮೆ. ಏನಾದರೂ ಕೈತಪ್ಪಿ ಹೋದಾಗ ಮೊದಲು ಚೆನ್ನಾಗಿ ಅತ್ತುಬಿಡುತ್ತೇನೆ. ಆಮೇಲೆ ಬೆಳಗಾಗಲಿ ಎಂದು ಕಾಯುತ್ತೇನೆ. ಇದುವರೆಗೆ ಬೆಳಗಾಗಿದೆ.