ಸ್ವಾಮಿಯ ಹೆಸರಿನ ಪಾಸ್‌ವರ್ಡ್

ಯಾರಾದರೂ ಪಾಸ್‌ವರ್ಡ್ ಒತ್ತಲು ಕೈಯೆತ್ತಿದರೆ ಸಾಕು, ನಮ್ಮ ಕಂಪ್ಯೂಟರ್ ಮೇಡಂ ಕುರ್ಚಿಸಮೇತ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಆಗ ನಮಗೆ ಕಾಣುತ್ತಿದ್ದದ್ದು ಉದ್ದ ಜಡೆ, ಅದರಲ್ಲಿ ಬಾಡಿದ ಕನಕಾಂಬರ. "ಆತೇನ್ರಿ?" ಎಂದು ಕೇಳಿ, ಆಯಿತು ಅಂದ ಮೇಲೆಯೇ ಈ ಕಡೆ ಮುಖ.

ಹೊಸಪೇಟೆಯ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿತ್ತು ಅವರ ಸೆಂಟರ್. ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕಿರುಗುಟ್ಟುತ್ತ ಬರುತ್ತಿದ್ದ ಕಾಲ. ಅದಿರಿನ ಲಾರಿಗಳ ಕೆಂಪು ಧೂಳಿಗೆ ಹೆದರಿ ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ಸಂಡೂರಿನಿಂದ ಬರುವವರು ಮಾತ್ರ ವೈರಸ್ಸು ಚಪ್ಪಲಿಗೆ ಅಂಟಿ ಬರುತ್ತದೆಂದೇ ನಂಬಿ ಕಾಲನ್ನೂ ತೊಳೆದು ಬರುತ್ತಿದ್ದರು. "ತೊಳಕೊಳ್ಳಲಿ ಬಿಡ್ರಿ, ಚೊಲೋದ" ಎಂದು ಮೇಡಂ ನಗುತ್ತಿದ್ದರು. ಯಾರೋ ಎಲ್ಲೋ ಕೂತು ಬರೆದ ವೈರಸ್ಸು ಫ್ಲಾಪಿಯೊಳಗೆ ಕೂತು ದೇಶ ಸುತ್ತುವುದನ್ನು ಅವರು ಹೇಳುವಾಗ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಹಂಪಿ ಬಜಾರಿನ ಹಿಂದೆ ಅಮ್ಮ ಪ್ರವಾಸಿಗರಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದಳು. ನಮ್ಮ ಹೊಟ್ಟೆ ನಡೆಯುತ್ತಿದ್ದದ್ದು ಅದರಿಂದಲೇ. ದೂರದ ಗಿರಾಕಿಗಳು ಬರೆದು ಕೋಣೆ ಹಿಡಿಯಲೆಂದು ಅವಳಿಗೆ ಮೇಲ್ ಅಕೌಂಟ್ ಮಾಡಿಕೊಟ್ಟವರೂ ಮೇಡಂ. ಪಾಸ್‌ವರ್ಡ್ ಮರೆತರೆ ಕೇಳುವ ಗುಟ್ಟಿನ ಪ್ರಶ್ನೆಗೆ "ಯಾರಿಗೂ ಗೊತ್ತಿಲ್ಲದ ಮಾತು ಹಾಕ್ರಿ, ಮಗಳಿಗೂ ಹೇಳಬ್ಯಾಡ್ರಿ" ಎಂದಿದ್ದರು.

ಒಂದು ಸೀಸನ್ನಿನಲ್ಲಿ ಕೋಣೆಗಳು ಖಾಲಿ ಬಿದ್ದವು. ಹಳೇ ಗಿರಾಕಿಯೊಬ್ಬ ಬಜಾರಿನಲ್ಲಿ ಸಿಕ್ಕು, ಕೋಣೆ ಮುಚ್ಚಿದ್ದೇವೆಂದು ನೀವೇ ಮೇಲ್ ಬರೆದಿರಲ್ಲ ಎಂದ. ಅಮ್ಮ ಅಂಥ ಮೇಲ್ ಬರೆದೇ ಇರಲಿಲ್ಲ. ನೋಡಿದರೆ ಅಕೌಂಟಿನ ಪಾಸ್‌ವರ್ಡನ್ನೇ ಯಾರೋ ಬದಲಿಸಿದ್ದರು. ಮೇಡಂ ಹತ್ತಿರ ಓಡಿದೆವು.

"ಏನಿತ್ತಂತ ಹೇಳಬ್ಯಾಡ್ರಿ ಅಕ್ಕಾರ. ಸ್ವಾಮಿ ಹೆಸರು ಇಟ್ಟಿದ್ರೇನು?"

ಅಮ್ಮ ಹೌದೆಂದು ತಲೆಯಾಡಿಸಿದಳು. ಹಂಪಿಯಲ್ಲಿ ಅರ್ಧ ಊರಿನ ಪಾಸ್‌ವರ್ಡು ವಿರೂಪಾಕ್ಷನೇ. ಅದು ಗೊತ್ತಿದ್ದವನೇ ಯಾರೋ ಊಹಿಸಿ ಕೈಯಾಡಿಸಿದ್ದ.

ಮೇಡಂ ಗುಟ್ಟಿನ ಪ್ರಶ್ನೆ ತೆರೆದು, ಗೋಡೆ ಕಡೆ ತಿರುಗಿದರು. ಅಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಅಕೌಂಟು ತೆರೆದೇಬಿಟ್ಟಿತು! ಕಳ್ಳ ಮುಂಬಾಗಿಲ ಬೀಗ ಬದಲಿಸಿದ್ದ. ಮೇಡಂ ಮೊದಲೇ ಯೋಚಿಸಿ ಇಟ್ಟಿದ್ದ ಹಿತ್ತಲ ಬಾಗಿಲು ಅವನ ತಲೆಗೆ ಹೊಳೆದಿರಲಿಲ್ಲ. ನನಗೆ ಅವರ ಕಾಲು ಮುಟ್ಟಬೇಕೆನಿಸಿತು.

ಹೊಸ ಪಾಸ್‌ವರ್ಡ್ ಇಡಿ ಎಂದಾಗ ಅಮ್ಮ ಹಟಕ್ಕೆ ಬಿದ್ದಳು. "ಸ್ವಾಮಿನ ತಗದು ಬ್ಯಾರೇದು ಇಡಂದ್ರ ಹೆಂಗ್ರೀ? ನನ್ನಿಂದ ಆಗಂಗಿಲ್ಲ."

ಮೇಡಂ ನಗಲಿಲ್ಲ. "ಸ್ವಾಮಿನ ಜಗಲಿ ಮ್ಯಾಲೆ ಕುಂದರಿಸಿ ಪೂಜಾ ಮಾಡ್ರಿ. ಬಾಗಲಾ ಕಾಯಾಕ ಯಾಕ ನಿಲ್ಲಸ್ತೀರಿ?"

ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಹೊಸದನ್ನು ಒತ್ತಿದಳು. ಆಮೇಲೆ ಮೇಡಂ ತಮ್ಮ ಕ್ಲಾಸು ಬಿಟ್ಟು ಕೂತು ಗಿರಾಕಿಗಳಿಗೆಲ್ಲ ಕೋಣೆ ತೆರೆದಿದೆಯೆಂದು ಬರೆದರು. ವಾರ ಕಳೆಯುವುದರೊಳಗೆ ನಮ್ಮ ಅಂಗಳದ ಹಗ್ಗದ ಮೇಲೆ ಮತ್ತೆ ಪರದೇಶದವರ ಬಟ್ಟೆ ಒಣಗುತ್ತಿದ್ದವು.

ನಾನಿಂದು ಹೊಸಪೇಟೆಯಲ್ಲೇ ಕಳ್ಳರೂ ವೈರಸ್ಸೂ ನುಗ್ಗದಂತೆ ಕಂಪ್ಯೂಟರುಗಳ ಕಾವಲು ಕೆಲಸ ಮಾಡುತ್ತೇನೆ. ಓದಿಸಿದ್ದು ಆ ಎರಡು ಕೋಣೆ. ಕೋಣೆ ಉಳಿಸಿದ್ದು ಮೇಡಂ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಹೇಳಿದಾಗ ಅಮ್ಮ ಅಳಲಿಲ್ಲ. ಸೀದಾ ಗುಡಿಗೆ ನಡೆದು, ವಿರೂಪಾಕ್ಷನ ಮುಂದೆ ಕೈಮುಗಿದು ಗಟ್ಟಿಯಾಗಿಯೇ ಹೇಳಿದಳು:

"ನಿನ್ನ ಹೆಸರು ತಗಸಿ ನನ್ನ ಮನಿ ಉಳಿಸಿದಾಕಿ ಬರಾಕತ್ತ್ಯಾಳ. ಚೊಲೋ ಜಾಗಾ ನೋಡಿ ಕುಂದರಿಸಿಕೋ ತಂದೀ."