ಮೇಷ್ಟ್ರು ಹೇಳಿದ್ದು, ನಾನು ಬರೆದದ್ದು

ಗ್ರೇಸಿ, ಜೋಯಲ್, ನಿಮ್ಮ ಅಜ್ಜಿ ನಮ್ಮ ಕ್ರೈಸ್ತ ಸಭೆಯವರ ವಿರುದ್ಧವೇ ಪೇಪರಿಗೆ ಪತ್ರ ಬರೆದಳು ಅಂದರೆ ನಂಬುತ್ತೀರಾ? ಬರೆದಿದ್ದೇನೆ. ನನ್ನ ಕೈಯಾರೆ, ಒಂದೂ ಚಿತ್ತಿಲ್ಲದೆ.

ಹೇಳಿ ಬರೆಸಿದವರು ನಮ್ಮ ಚಾಮರಾಜಪೇಟೆ ಮನೆಯ ಎದುರಿನ ಶೇಷಗಿರಿ ಮೇಷ್ಟ್ರು. ರಿಟೈರ್ ಆದಮೇಲೆ ಪತ್ರಿಕೆಗೆ ಪತ್ರ ಬರೆಯುವುದೇ ಅವರಿಗೆ ಕೆಲಸ. (ನಲ್ಲಿ ನೀರಿನಿಂದ ಮತಾಂತರದವರೆಗೆ ಯಾವುದನ್ನೂ ಬಿಟ್ಟವರಲ್ಲ.) ಹೋದ ತಿಂಗಳು ಕಣ್ಣಿನ ಆಪರೇಷನ್ ಆಯಿತು. ಓದು ಬರಹ ಬಂದ್.

ಅವರ ಹೆಂಡತಿ ಸಾವಿತ್ರಮ್ಮ ಬಂದು ಕರೆದರು. "ಸುಗುಣಮ್ಮ, ಒಂದು ಪತ್ರ ಬರ್ಕೊಡ್ತೀರಾ? ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದ್ಯಂತೆ. ನೀವು ಉಪ್ಪಿನಕಾಯಿ ಬಾಟ್ಲಿಗೆ ಅಂಟಿಸಿದ್ದ ಚೀಟಿನ ಮುಂಚೆ ನೋಡಿದ್ರಲ್ಲ, ನಮ್ಮೆಜಮಾನ್ರು ನಿಮ್ಮ ಕೈಲೇ ಬರೆಸ್ಬೇಕು ಅಂತ ಕೂತಿದಾರೆ."

ಹಳ್ಳಿ ಶಾಲೆಯ ಅಕ್ಷರ ಅದು. ಹಿಗ್ಗದೆ ಇರಲಾದೀತೆ?

ವಿಷಯ ಗೊತ್ತಾದದ್ದು ಕಾರ್ಬನ್ ಹಾಳೆ ಇಟ್ಟು ಕೂತಮೇಲೆ. "ಮತಾಂತರವಾದವರೆಲ್ಲರೂ ಮಿಷನ್ನಿನವರು ಹಂಚುವ ಗೋಧಿಗೆ, ಹಾಲಿನ ಪುಡಿಗೆ ಆಸೆಪಟ್ಟು ಹೋದವರು," ಎಂದರು ಮೇಷ್ಟ್ರು.

ನನ್ನ ಪೆನ್ನು ನಿಂತಿತು. 'ಎಲ್ಲರೂ' ಅಂದದ್ದನ್ನು 'ಕೆಲವರು' ಅಂತ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಅವರು ಕಣ್ಣಿಗೆ ಪಟ್ಟಿ ಹಾಕಿಕೊಂಡು, ನನ್ನನ್ನು ನಂಬಿ ಕೂತಿದ್ದರು. ನೆರೆಯವರನ್ನು ಪ್ರೀತಿಸಿ ಎಂದಾಗಲೆಲ್ಲ ದೇವಾಲಯದಲ್ಲಿ ಆಮೆನ್ ಅನ್ನುತ್ತೇನಲ್ಲ, ನೆರೆಯವರು ಅಂದರೆ ನಮ್ಮನ್ನು ಒಪ್ಪುವವರು ಮಾತ್ರವೇ? 'ಎಲ್ಲರೂ' ಅಂತಲೇ ಬರೆದೆ.

ಮುಗಿದಮೇಲೆ ಓದಿ ಅಂದರು. ಆ ಸಾಲಿಗೆ ಬಂದು ನಿಲ್ಲಿಸಿದೆ.

"ಯಾಕ್ರೀ ನಿಲ್ಲಿಸಿದ್ರಿ? ಅಕ್ಷರ ಗೊತ್ತಾಗ್ತಿಲ್ವಾ?"

"ಗೊತ್ತಾಗತ್ತೆ ಮೇಷ್ಟ್ರೇ. ಇದು ನಿಜ ಅಲ್ಲ."

ಹತ್ತು ವರ್ಷದಲ್ಲಿ ಅವರೆದುರು ನಮಸ್ಕಾರ ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಅವತ್ತು ಮಾತ್ರ ಹೇಳಿದೆ. ಪ್ಲೇಗ್ ಬಂದು ಊರೇ ಖಾಲಿಯಾದಾಗ ನಮ್ಮಜ್ಜಿಯ ಹಾಸಿಗೆ ಪಕ್ಕ ಒಬ್ಬ ಮಿಷನ್ ನರ್ಸಮ್ಮ ಕೂತಿದ್ದರು. ಅಜ್ಜಿ ಅವರ ದೇವರನ್ನು ನಂಬಿದರು. ಹಾಲಿನ ಪುಡಿಯನ್ನು ಅಜ್ಜಿ ಕಂಡೇ ಇರಲಿಲ್ಲ.

ಮೇಷ್ಟ್ರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. "ಮತ್ತೆ ಯಾಕೆ ಬರೆದ್ರಿ?"

"ಪತ್ರ ನಿಮ್ಮದಲ್ವಾ?"

"ನನ್ನ ಅಭಿಪ್ರಾಯ ಬದಲಾಯ್ಸಲ್ಲ ನಾನು. ಇನ್ನೊಂದು ಹಾಳೆ ತಗೊಳ್ಳಿ. ಈಗ ಹೇಳಿದ್ರಲ್ಲ, ಅದನ್ನ ನಿಮ್ಮ ಹೆಸರಲ್ಲಿ ಬರೀರಿ."

ಬರೆದೆ. ಓದಿಸಿಕೊಂಡು ಅವರೇ ತಿದ್ದಿದರು. "ಎರಡನೇ ವಾಕ್ಯ ಉದ್ದ ಆಯ್ತು, ಮುರೀರಿ. 'ದಯವಿಟ್ಟು ಕ್ಷಮಿಸಿ' ಯಾಕೆ? ತಪ್ಪು ಮಾಡಿದೀರಾ? ತೆಗೀರಿ." ಒಳಗಿನಿಂದ ಸಾವಿತ್ರಮ್ಮ, "ನಿಮ್ಮನ್ನ ಬೈಯೋ ಪತ್ರಕ್ಕೂ ನಿಮ್ಮದೇ ಮೇಷ್ಟ್ರುಗಿರಿನಾ?" ಅಂದರು.

ಎರಡೂ ಒಂದೇ ದಿನ ಪೋಸ್ಟಾದವು. ಅವರದು ಅಚ್ಚಾಯಿತು. ನನ್ನದು ಆಗಲಿಲ್ಲ.

ಮೇಷ್ಟ್ರು ಮತ್ತೆ ಕರೆಸಿದರು. ಸಂಪಾದಕರಿಗೆ ಪತ್ರ: "ನನ್ನ ಮಾತಿಗೆ ಬಂದ ಉತ್ತರವನ್ನು ಕೈಬಿಟ್ಟದ್ದು ನನಗೆ ಮಾಡಿದ ಅವಮಾನ." ಅದನ್ನೂ ನಾನೇ ಬರೆದೆ. ಅಕ್ಷರ ಎಂದಿಗಿಂತ ದುಂಡಗೆ ಬಂತು. (ಅದೂ ಅಚ್ಚಾಗಲಿಲ್ಲ, ಬಿಡಿ.)

ಮಕ್ಕಳೇ, ಮೇಷ್ಟ್ರು ಇವತ್ತಿಗೂ ನಮ್ಮನ್ನು ಒಪ್ಪುವುದಿಲ್ಲ. ನಾನೂ ಅವರನ್ನು ಒಪ್ಪುವುದಿಲ್ಲ. ಆದರೆ ಅವರು ಎದುರುಮನೆಯವರು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ. ಅವತ್ತು ಬಾಯಿಬಿಟ್ಟ ನನ್ನ ಬಗ್ಗೆಯೂ ಸ್ವಲ್ಪ ಹೆಮ್ಮೆ ಇದೆ, ಸುಳ್ಳು ಯಾಕೆ ಹೇಳಲಿ?

ಮೂರೂ ಪತ್ರಗಳ ಕಾರ್ಬನ್ ಪ್ರತಿ ಈ ಹಾಳೆಗಳ ಜೊತೆ ಇಟ್ಟಿದ್ದೇನೆ, ಜೋಪಾನ ಮಾಡಿ. ಮೇಷ್ಟ್ರದನ್ನು ಎಸೆದು ನನ್ನದೊಂದನ್ನೇ ಇಟ್ಟುಕೊಂಡರೆ, ನಾನು ಅಲ್ಲಿ ಕೂತು ಬರೆದು ಏನು ಬಂತು?