ಡಬ್ಬಿಯ ಮೇಲಿನ ಹೆಸರು

ನನ್ನ ಮೊಮ್ಮಗಳು ಜಗಳವಾಡಿ ಗೆಳತಿಯ ಬುತ್ತಿ ಡಬ್ಬಿಯನ್ನು ಶಾಲೆಯ ಹಿಂದಿನ ಬಾವಿಗೆ ಎಸೆದಿದ್ದಳು. ಅದು ಆ ಗೆಳತಿಯ ತೀರಿಹೋದ ತಾಯಿಗೆ ಮದುವೆಯಲ್ಲಿ ಬಂದ ಡಬ್ಬಿ. ಮೇಲೆ ಆಕೆಯ ಹೆಸರು ಕೆತ್ತಿತ್ತು. ಬಾವಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಕೊಹೀರಿನ ಆ ಶಾಲೆಯಲ್ಲಿ ಈಗ ಹೊಡೆಯುವುದಿಲ್ಲ. ನೋಯಿಸಿದವರನ್ನೂ ನೊಂದವರನ್ನೂ ದುಂಡಗೆ ಕೂರಿಸಿ ಮಾತಾಡಿಸುತ್ತಾರೆ. ನನ್ನನ್ನೂ ಕರೆದಿದ್ದರು.

"ನೆಲಕ್ಕ ಕೂಡ್ತೀನ್ರಿ ಸರ್, ಆದ್ರ ಎಬ್ಸಾಕ ಇಬ್ಬರು ಬೇಕು," ಅಂದೆ. ಯಾರೂ ನಗಲಿಲ್ಲ.

ಮೊಮ್ಮಗಳು ಅಳುತ್ತ ತಪ್ಪಾಯಿತೆಂದಳು. ನಾನು ಜಹೀರಾಬಾದಿನಲ್ಲಿ ಅದೇ ಹೆಸರು ಕೆತ್ತಿಸಿ ತಂದ ಹೊಸ ಡಬ್ಬಿಯನ್ನು ಆ ಹುಡುಗಿಯ ಮುಂದಿಟ್ಟೆ. ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಚೊಲೊ ಅದರಿ ಆಯಿ. ಆದ್ರ ಇದನ್ನ ನಮ್ಮವ್ವ ಮುಟ್ಟಿಲ್ಲರಿ."

"ಮತ್ತೇನ್ ಮಾಡ್ಬೇಕವ್ವ ನಾವು?"

"ಏನೂ ಬ್ಯಾಡ್ರಿ."

ಡಬ್ಬಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಮೊಮ್ಮಗಳು ಅವಳ ಪಕ್ಕ ಹೋಗಿ ಕೂತಳು. ಆ ಹುಡುಗಿ ಸರಿದು ಜಾಗ ಬಿಟ್ಟಳು, ಮುಖ ಮಾತ್ರ ಇವಳ ಕಡೆ ತಿರುಗಿಸಲಿಲ್ಲ.